ರಿಲೇ ಟಿಕ್ ಅಂದಿತಾ? ಕಂಪ್ಯೂಟರ್‌ನಿಂದ ಮನೆ ಕರೆಂಟ್ ನಡೆಸುವಾಗ ದೋಷ ಹುಡುಕುವ ಬಗೆ

ಕೋಲಾರದ ನಮ್ಮ ಮನೆಯಲ್ಲಿ ಸಂಪಿನ ಮೋಟಾರ್, ವರಾಂಡದ ದೀಪ, ಹಿತ್ತಲಿನ ದೀಪ ಮತ್ತು ಒಂದು ಫ್ಯಾನ್ ಹಳೆಯ ಡೆಸ್ಕ್‌ಟಾಪ್ ಒಂದರ ಮಾತು ಕೇಳುತ್ತವೆ. ಮಧ್ಯದಲ್ಲಿ ಆರ್ಡುಯಿನೊ ಉನೊ ಎಂಬ ಚಿಕ್ಕ ಬೋರ್ಡ್ ಇದೆ, ಕಂಪ್ಯೂಟರ್ ಹೇಳಿದಂತೆ ಅದು ತನ್ನ ಪಿನ್‌ಗಳನ್ನು ಆನ್ ಆಫ್ ಮಾಡುತ್ತದೆ. ಅದರ ಪಕ್ಕದಲ್ಲಿ ನಾಲ್ಕು ರಿಲೇಗಳ, ಅಂದರೆ ಪುಟ್ಟ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ತೆಗೆಯುವ ಸ್ವಿಚ್‌ಗಳ, ನೀಲಿ ಮಾಡ್ಯೂಲ್ ಇದೆ. ಕಟ್ಟಲು ನನಗೆ ಎರಡು ಭಾನುವಾರ ಸಾಕಾಯಿತು. ಆದರೆ ಅದರ ತೊಂದರೆಗಳನ್ನು ಒಂದೊಂದಾಗಿ ಹಿಡಿಯಲು ಒಂದು ವರ್ಷವೇ ಬೇಕಾಯಿತು. ಇದೇ ಕೆಲಸಕ್ಕೆ ಕೈ ಹಾಕಿ ಎಲ್ಲೋ ಸಿಕ್ಕಿಕೊಂಡವರಿಗೆ ಆ ವರ್ಷ ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ದೋಷ ಹುಡುಕುವಾಗ ನಾನು ಮೊದಲು ಕಿವಿಯನ್ನು ನಂಬುತ್ತೇನೆ, ಆಮೇಲೆ ಮೀಟರ್. ಕಂಪ್ಯೂಟರ್‌ನಲ್ಲಿ ಆನ್ ಒತ್ತಿದಾಗ ರಿಲೇ ಟಿಕ್ ಎಂದರೆ ಕಂಪ್ಯೂಟರ್, ಕೇಬಲ್, ಪ್ರೋಗ್ರಾಂ, 5 ವೋಲ್ಟ್ ಎಲ್ಲ ತಮ್ಮ ಕೆಲಸ ಮಾಡಿವೆ. ತೊಂದರೆ ಇರುವುದು 230 ವೋಲ್ಟ್‌ನ ಕಡೆ. ಟಿಕ್ ಅನ್ನದಿದ್ದರೆ ತೊಂದರೆ ಈಚೆ ಕಡೆ, ಬೆರಳಿಟ್ಟರೂ ಏನೂ ಆಗದ 5 ವೋಲ್ಟ್‌ನ ಕಡೆ. ಹೇಳದೆ ಕೇಳದೆ ಟಿಕ್ ಅಂದರೆ ಅದು ಮೂರನೇ ಜಾತಿ. ಯಾವ ಜಾತಿ ಎಂದು ಗೊತ್ತಾಗುವ ತನಕ ಸ್ಕ್ರೂಡ್ರೈವರ್ ಎತ್ತಬೇಡಿ.

ಮುಟ್ಟುವ ಮುಂಚೆ

ನಮ್ಮ ಬೀದಿಯಲ್ಲಿ ಒಬ್ಬರು ಎಲೆಕ್ಟ್ರಿಷಿಯನ್ ತಾತ ಇದ್ದಾರೆ. ಕೆಜಿಎಫ್ ಗಣಿಯಲ್ಲಿ ಕೆಲಸ ಮಾಡಿ, 2001ರಲ್ಲಿ ಗಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದವರು. ಆ ಗಣಿಗೆ 1902ರಲ್ಲೇ ಶಿವನಸಮುದ್ರದಿಂದ ತಂತಿಯಲ್ಲಿ ಕರೆಂಟ್ ಬಂದಿತ್ತು. ಅಲ್ಲಿ ಕಲಿತ ಶಿಸ್ತು ತಾತನ ಕೈಯಲ್ಲಿ ಈಗಲೂ ಕಾಣುತ್ತದೆ. ನನ್ನ ಡಬ್ಬಿ ನೋಡಿದ ತಕ್ಷಣ ಕೇಳಿದ್ದು ಒಂದೇ ಮಾತು.

"ಫ್ಯೂಸ್ ಎಲ್ಲಪ್ಪ?"

"ಬೋರ್ಡಲ್ಲೇ ಇದೆ ತಾತ, ಸ್ವಿಚ್ ಆಫ್ ಮಾಡಿದೀನಿ."

"ಸ್ವಿಚ್ ಯಾರು ಬೇಕಾದ್ರೂ ಹಾಕ್ತಾರೆ. ಫ್ಯೂಸ್ ಕಿತ್ತು ಜೇಬಲ್ಲಿ ಇಟ್ಕೊ. ಆಮೇಲೆ ಕೈ ಹಾಕು."

ಅಂದಿನಿಂದ ಹಾಗೇ ಮಾಡುತ್ತೇನೆ. ಫ್ಯೂಸ್ ಬದಲು ಎಂಸಿಬಿ ಎಂಬ ತಾನೇ ಬೀಳುವ ಸ್ವಿಚ್ ಇರುವ ಮನೆಯಲ್ಲಿ ಅದನ್ನು ಕೆಳಗೆ ಇಳಿಸಿ, ಅದರ ಮೇಲೆ ಟೇಪ್ ಅಂಟಿಸಿ, ಮನೆಯವರಿಗೆಲ್ಲ ಬಾಯಿಬಿಟ್ಟು ಹೇಳಿ. ಆಮೇಲೆ ವೈರಿನಲ್ಲಿ ಕರೆಂಟ್ ಇಲ್ಲವೆಂದು ಪರೀಕ್ಷಿಸಿ. ಆ ಪರೀಕ್ಷೆಗೆ ನಿಯಾನ್ ಟೆಸ್ಟರ್ ಒಂದನ್ನೇ ನಂಬಬೇಡಿ. ಅದು ಕೆಟ್ಟಿದ್ದರೂ ಉರಿಯುವುದಿಲ್ಲ, ಕರೆಂಟ್ ಇಲ್ಲದಿದ್ದರೂ ಉರಿಯುವುದಿಲ್ಲ. ಮೊದಲು ಕರೆಂಟ್ ಇರುವ ಬೇರೆ ಪಾಯಿಂಟ್‌ನಲ್ಲಿ ಟೆಸ್ಟ್ ಲ್ಯಾಂಪ್ ಉರಿಯುತ್ತದೆ ಎಂದು ನೋಡಿಕೊಳ್ಳಿ, ಆಮೇಲೆ ನಿಮ್ಮ ವೈರಿಗೆ ಹಿಡಿಯಿರಿ.

ರಿಲೇ ಮಾಡ್ಯೂಲ್‌ನ ಹಿಂಬದಿಯಲ್ಲಿ ಬೆಸುಗೆಯ ಚುಕ್ಕೆಗಳು ಬರಿಯಾಗಿ ಇರುತ್ತವೆ. ಅವುಗಳಲ್ಲಿ ಕೆಲವಕ್ಕೆ 230 ವೋಲ್ಟ್ ಬರುತ್ತದೆ. ಮೇಜಿನ ಮೇಲೆ ಹಾಗೇ ಇಟ್ಟುಕೊಂಡು ಬೇರೆ ಕಡೆ ಮೀಟರ್ ಹಿಡಿಯಲು ಹೋದರೆ ಕೈ ಅಲ್ಲಿಗೇ ತಾಗುತ್ತದೆ. ಪ್ಲಾಸ್ಟಿಕ್ ಡಬ್ಬಿ, ಕೆಳಗೆ ಪ್ಲಾಸ್ಟಿಕ್ ಕಾಲುಗಳು, ಮೇಲೆ ಮುಚ್ಚಳ. ಇವಿಲ್ಲದೆ ಮೇನ್ ಕೊಡಲೇಬಾರದು. ಮನೆಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) ಇಲ್ಲದಿದ್ದರೆ ಈ ಹವ್ಯಾಸಕ್ಕೆ ಮುಂಚೆ ಅದನ್ನು ಹಾಕಿಸಿ. ಇದರಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ.

ಇನ್ನೊಂದು ಉಪಾಯ. ರಿಲೇಯ ಆಚೆ ಕಡೆಯನ್ನೂ ಮೇನ್ ಇಲ್ಲದೆ ಪರೀಕ್ಷೆ ಮಾಡಬಹುದು. 12 ವೋಲ್ಟ್‌ನ ಅಡಾಪ್ಟರ್ ಒಂದು, ಬೈಕಿನ ಇಂಡಿಕೇಟರ್ ಬಲ್ಬ್ ಒಂದು. ಮೇನ್ ವೈರುಗಳನ್ನು ಪೂರ್ತಿ ಬಿಚ್ಚಿ, ಆ ಜಾಗಕ್ಕೆ ಇವೆರಡನ್ನು ಕಟ್ಟಿ. ನಿಮ್ಮ ವೈರಿಂಗ್, ಕಾಂಟ್ಯಾಕ್ಟ್ (ರಿಲೇಯೊಳಗೆ ಒಂದಕ್ಕೊಂದು ತಾಗುವ ಲೋಹದ ತುದಿಗಳು), ಪ್ರೋಗ್ರಾಂ ಎಲ್ಲವನ್ನೂ ಭಯವಿಲ್ಲದೆ ನೂರು ಸಲ ಓಡಿಸಿ ನೋಡಬಹುದು. ನಾನು ಮುಂದೆ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವು ಹೀಗೇ ಆಗುತ್ತವೆ.

ಟಿಕ್ ಸದ್ದೇ ಇಲ್ಲ

ಮಾಡ್ಯೂಲ್ ಮೇಲೆ ಪ್ರತಿ ರಿಲೇಗೂ ಒಂದು ಚಿಕ್ಕ ಎಲ್‌ಇಡಿ ಇರುತ್ತದೆ. ಆನ್ ಒತ್ತಿದಾಗ ಅದು ಉರಿಯುತ್ತಾ? ಉರಿಯದಿದ್ದರೆ ಸಿಗ್ನಲ್ ಅಲ್ಲಿಗೆ ಬಂದಿಲ್ಲ. ಜಂಪರ್ ವೈರ್ ಸಡಿಲವಾಗಿರಬಹುದು, ಪಿನ್ ನಂಬರ್ ತಪ್ಪಿರಬಹುದು, ಪೋರ್ಟ್ ಹೆಸರು ಬದಲಾಗಿರಬಹುದು. ಇನ್‌ಪುಟ್ ಪಿನ್ನಿನ ವೈರನ್ನು ಆರ್ಡುಯಿನೊದಿಂದ ಕಿತ್ತು ಗ್ರೌಂಡ್‌ಗೆ ಮುಟ್ಟಿಸಿ ನೋಡಿ. ಈ ನೀಲಿ ಮಾಡ್ಯೂಲ್‌ಗಳು ಸಾಮಾನ್ಯವಾಗಿ ಲೋ, ಅಂದರೆ 0 ವೋಲ್ಟ್, ಕೊಟ್ಟಾಗ ಆನ್ ಆಗುವಂಥವು. ಹಾಗೆ ಮುಟ್ಟಿಸಿದಾಗ ಟಿಕ್ ಅಂದರೆ ಮಾಡ್ಯೂಲ್ ಚೆನ್ನಾಗಿದೆ, ಪ್ರೋಗ್ರಾಂ ಕಡೆ ಹೋಗಿ.

ಎಲ್‌ಇಡಿ ಉರಿಯುತ್ತದೆ ಆದರೆ ಸದ್ದಿಲ್ಲ ಎಂದರೆ ಕಾಯಿಲ್‌ಗೆ, ಅಂದರೆ ರಿಲೇಯ ಸ್ವಿಚ್ಚನ್ನು ಎಳೆಯುವ ತಂತಿಯ ಸುರುಳಿಗೆ, ಬಲ ಸಾಲುತ್ತಿಲ್ಲ. 5 ವೋಲ್ಟ್‌ನ ಒಂದು ರಿಲೇ ಸುಮಾರು 70 ಮಿಲಿಆಂಪ್ ಎಳೆಯುತ್ತದೆ. ನಾಲ್ಕಕ್ಕೆ 280. ಎಂಟಕ್ಕೆ 560. ಯುಎಸ್‌ಬಿ 2.0 ಪೋರ್ಟ್ ಕೊಡುವುದೇ 500, ಅದರಲ್ಲಿ ಆರ್ಡುಯಿನೊ ಕೂಡ ಬದುಕಬೇಕು. ಒಂದು ರಿಲೇ ಸರಿಯಾಗಿ ಹಾಕುತ್ತದೆ, ಮೂರನೆಯದು ಹಾಕುವಾಗ ಬೋರ್ಡೇ ಮಂಕಾಗುತ್ತದೆ ಎಂದರೆ ಇದೇ ಕಾರಣ. ಎಲ್ಲ ರಿಲೇ ಆನ್ ಇರುವಾಗಲೇ ಮಾಡ್ಯೂಲ್‌ನ ವಿಸಿಸಿ (5 ವೋಲ್ಟ್ ಬರುವ ಪಿನ್) ಮತ್ತು ಗ್ರೌಂಡ್ ಮೇಲೆ ಮೀಟರ್ ಹಿಡಿಯಿರಿ. ಎಲ್ಲ ಆಫ್ ಇದ್ದಾಗ 5 ವೋಲ್ಟ್ ತೋರಿಸಿದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ನನ್ನದರಲ್ಲಿ ನಾಲ್ಕೂ ಆನ್ ಆದಾಗ 4.3ಕ್ಕೆ ಇಳಿದಿತ್ತು. ಉದ್ದವಾದ ತೆಳ್ಳಗಿನ ಕೇಬಲ್ ಅದಕ್ಕೆ ಕಾರಣ.

ಇದಕ್ಕೆ ಮದ್ದು ಮಾಡ್ಯೂಲ್‌ನಲ್ಲೇ ಇದೆ. ಜೆಡಿ-ವಿಸಿಸಿ ಎಂದು ಬರೆದ ಕಡೆ ಒಂದು ಚಿಕ್ಕ ಜಂಪರ್ ಇರುತ್ತದೆ. ಅದನ್ನು ಕಿತ್ತು, 5 ವೋಲ್ಟ್ 2 ಆಂಪ್‌ನ ಬೇರೆ ಅಡಾಪ್ಟರ್‌ನ ಪ್ಲಸ್ ಅನ್ನು ಜೆಡಿ-ವಿಸಿಸಿಗೆ, ಮೈನಸ್ ಅನ್ನು ಪಕ್ಕದ ಗ್ರೌಂಡ್‌ಗೆ ಕೊಡಿ. ಆರ್ಡುಯಿನೊದಿಂದ ಇನ್‌ಪುಟ್ ವೈರುಗಳ ಜೊತೆ ವಿಸಿಸಿಗೆ 5 ವೋಲ್ಟ್ ಮಾತ್ರ ಹೋದರೆ ಸಾಕು. ಆರ್ಡುಯಿನೊದ ಗ್ರೌಂಡ್ ಅನ್ನು ಮಾಡ್ಯೂಲ್‌ಗೆ ಸೇರಿಸಬೇಡಿ. ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಮಧ್ಯದ ಆಪ್ಟೊಕಪ್ಲರ್‌ಗಳು ಎರಡೂ ಕಡೆಯನ್ನು ಬೇರೆ ಇಡುವುದು ಆಗಲೇ. ಜಂಪರ್ ಹಾಗೇ ಬಿಟ್ಟರೆ ಅವು ಇದ್ದೂ ಇಲ್ಲದಂತೆ.

ರಾಸ್‌ಬೆರಿ ಪೈ ಅಥವಾ ಇಎಸ್‌ಪಿ ಬೋರ್ಡ್ ಬಳಸುವವರಿಗೆ ಇನ್ನೊಂದು ತೊಂದರೆ ಇದೆ. ಅವುಗಳ ಪಿನ್ 3.3 ವೋಲ್ಟ್. ವಿಸಿಸಿಗೆ 5 ಕೊಟ್ಟಿದ್ದರೆ, ಆಫ್ ಎಂದಾಗಲೂ 1.7 ವೋಲ್ಟ್ ವ್ಯತ್ಯಾಸ ಉಳಿಯುತ್ತದೆ. ಕೆಲವು ಮಾಡ್ಯೂಲ್ ಅದಕ್ಕೇ ಅರ್ಧಂಬರ್ಧ ಎಚ್ಚರವಾಗಿರುತ್ತವೆ. ಜಂಪರ್ ತೆಗೆದು ವಿಸಿಸಿಗೆ 3.3, ಜೆಡಿ-ವಿಸಿಸಿಗೆ 5 ಕೊಡಿ.

ಟಿಕ್ ಅಂತು, ದೀಪ ಬರಲಿಲ್ಲ

ಇದು ಸುಲಭ. ರಿಲೇಗೆ ಮೂರು ಸ್ಕ್ರೂ ಇರುತ್ತವೆ: ಕಾಮನ್, ಆನ್ ಆದಾಗ ಅದಕ್ಕೆ ಸೇರುವ ಎನ್‌ಒ, ಆಫ್ ಇದ್ದಾಗ ಸೇರಿರುವ ಎನ್‌ಸಿ. ಕಾಮನ್ ಮತ್ತು ಎನ್‌ಒ ಬದಲು ಕಾಮನ್ ಮತ್ತು ಎನ್‌ಸಿಗೆ ವೈರ್ ಹಾಕಿದ್ದರೆ ದೀಪ ಉಲ್ಟಾ ನಡೆಯುತ್ತದೆ. ಸ್ಕ್ರೂ ಕೆಳಗೆ ತಾಮ್ರದ ಬದಲು ಪ್ಲಾಸ್ಟಿಕ್ ಸಿಕ್ಕಿಕೊಂಡಿರಬಹುದು. ಬಲ್ಬೇ ಹೋಗಿರಬಹುದು. ಫ್ಯೂಸ್ ಜೇಬಿನಲ್ಲಿರುವಾಗ ವೈರ್ ಬಿಚ್ಚಿ, ರಿಲೇ ಆನ್ ಮಾಡಿ, ಕಾಮನ್ ಮತ್ತು ಎನ್‌ಒ ಮಧ್ಯೆ ಮೀಟರ್‌ನ ಬೀಪ್ ನೋಡಿ. ಬೀಪ್ ಬಂದು ಬೈಕ್ ಬಲ್ಬ್ ಮಂಕಾಗಿ ಉರಿದರೆ ಕಾಂಟ್ಯಾಕ್ಟ್ ಸುಟ್ಟಿದೆ. ಬರೀ ಬೀಪ್ ನಂಬಬಾರದು, ಮೀಟರ್ ಕಳಿಸುವ ಕರೆಂಟ್ ತೀರಾ ಕಮ್ಮಿ.

ಟಿಕ್ ಅಂತು, ದೀಪ ಆರಲಿಲ್ಲ

ಎರಡು ಬಗೆ ಇದೆ. ಪೂರ್ತಿ ಉರಿಯುತ್ತಲೇ ಇದ್ದರೆ ಕಾಂಟ್ಯಾಕ್ಟ್ ಬೆಸೆದುಕೊಂಡಿದೆ. ಎಲ್‌ಇಡಿ ಬಲ್ಬ್ ಕಮ್ಮಿ ವ್ಯಾಟ್ ಅಲ್ವಾ, ಅದು ಹೇಗೆ ಕಾಂಟ್ಯಾಕ್ಟ್ ಸುಡುತ್ತದೆ ಎಂದು ಕೇಳಬಹುದು. ಅದರೊಳಗೆ ಒಂದು ಕೆಪಾಸಿಟರ್ ಖಾಲಿಯಾಗಿ ಕೂತಿರುತ್ತದೆ. 230 ವೋಲ್ಟ್ ಎಂದು ನಾವು ಕರೆಯುವುದು ಪ್ರತಿ ಅಲೆಯ ತುದಿಯಲ್ಲಿ 325 ಮುಟ್ಟುತ್ತದೆ. ಆ ಕ್ಷಣದಲ್ಲೇ ರಿಲೇ ಹಾಕಿಕೊಂಡರೆ ಕೆಪಾಸಿಟರ್ ಒಮ್ಮೆಲೇ ಕುಡಿಯುತ್ತದೆ, ಕಾಂಟ್ಯಾಕ್ಟ್‌ನಲ್ಲಿ ಕಿಡಿ ಏಳುತ್ತದೆ. ಒಂದೇ ರಿಲೇಗೆ ಐದಾರು ಬಲ್ಬ್ ಕಟ್ಟಿದರೆ ಇದು ಬೇಗ ಬರುತ್ತದೆ. ರಿಲೇಯನ್ನು ಬೆರಳಿನಿಂದ ತಟ್ಟಿದರೆ ಬಿಟ್ಟುಕೊಳ್ಳಬಹುದು. ಆದರೆ ಒಮ್ಮೆ ಅಂಟಿದ ರಿಲೇ ಮತ್ತೆ ಅಂಟುತ್ತದೆ. ಬದಲಾಯಿಸಿ.

ಇನ್ನೊಂದು ಬಗೆ ಎಂದರೆ ಆಫ್ ಆದರೂ ಬಲ್ಬ್ ಮಿಣುಕು ಮಿಣುಕಾಗಿ ಉಳಿಯುವುದು. ಮೊದಲು ನೋಡಬೇಕಾದದ್ದು ರಿಲೇ ಕಡಿಯುತ್ತಿರುವುದು ಫೇಸ್ ವೈರನ್ನೋ ನ್ಯೂಟ್ರಲ್ ಅನ್ನೋ ಎಂದು. ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಎಂದು ಹೇಳುತ್ತಾರೆ, ಆದರೆ ಹಳೇ ಮನೆಗಳಲ್ಲಿ ಬಣ್ಣ ನಂಬುವ ಹಾಗಿಲ್ಲ. ನಮ್ಮ ಹಿತ್ತಲಿನ ದೀಪಕ್ಕೆ ಯಾರೋ ಕಪ್ಪು ವೈರಿನಲ್ಲೇ ಫೇಸ್ ಎಳೆದಿದ್ದರು. ನ್ಯೂಟ್ರಲ್ ಕಡಿದರೆ ದೀಪ ಆರಿದಂತೆ ಕಂಡರೂ ಹೋಲ್ಡರ್‌ನಲ್ಲಿ ಫೇಸ್ ಉಳಿದಿರುತ್ತದೆ. ಬಲ್ಬ್ ಬದಲಿಸಲು ಕೈ ಹಾಕುವವರು ಅಮ್ಮನೋ ಅಜ್ಜಿಯೋ ಆಗಿರಬಹುದು. ಮಿಣುಕು ದೀಪ ಕಂಡರೆ ಇದನ್ನು ಪರೀಕ್ಷಿಸುವ ತನಕ ಆ ಹೋಲ್ಡರ್ ಮುಟ್ಟಲು ಬಿಡಬೇಡಿ.

ಫೇಸ್ ಸರಿಯಾಗಿಯೇ ಕಡಿಯುತ್ತಿದ್ದರೂ ಮಿಣುಕಿದರೆ, ಕಾಂಟ್ಯಾಕ್ಟ್‌ನ ಆಚೀಚೆ ಸ್ನಬರ್, ಅಂದರೆ ಕಿಡಿ ತಗ್ಗಿಸುವ ರೆಸಿಸ್ಟರ್ ಮತ್ತು ಕೆಪಾಸಿಟರ್ ಜೋಡಿ, ಇದೆಯಾ ನೋಡಿ. 0.1 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಸುಮಾರು 7 ಮಿಲಿಆಂಪ್ ಸೋರಲು ಬಿಡುತ್ತದೆ. ಎಲ್‌ಇಡಿ ಬಲ್ಬ್ ಮಿನುಗಲು ಅಷ್ಟು ಬೇಕಾದಷ್ಟಾಯಿತು. ರಿಲೇ ಬದಲು ಅಲುಗಾಡುವ ಭಾಗವಿಲ್ಲದ ಸಾಲಿಡ್ ಸ್ಟೇಟ್ ರಿಲೇ ಹಾಕಿದವರಿಗೂ ಇದೇ ತೊಂದರೆ ಬರುತ್ತದೆ, ಅದು ಆಫ್ ಆದಾಗಲೂ ಸ್ವಲ್ಪ ಸೋರುತ್ತದೆ. ಜೊತೆಗೆ ಅದು ಕೆಟ್ಟಾಗ ಹೆಚ್ಚಾಗಿ ಆನ್ ಆಗಿಯೇ ಕೆಡುತ್ತದೆ. ಹೀಟರ್, ಮೋಟಾರ್‌ಗೆ ಅದೊಂದನ್ನೇ ನಂಬಿ ಕೂರಬಾರದು.

ಹೇಳದೆಯೇ ಟಿಕ್

ಪ್ರೋಗ್ರಾಂ ತೆರೆದ ಕೂಡಲೇ ನಾಲ್ಕೂ ರಿಲೇ ಒಟ್ಟಿಗೆ ಟಿಕ್ ಅನ್ನುತ್ತವೆ. ಇಲ್ಲವೇ ಓಡುತ್ತಿದ್ದ ಮೋಟಾರ್ ನಿಲ್ಲುತ್ತದೆ. ಕಂಪ್ಯೂಟರ್ ಬೋರ್ಡ್ ಜೊತೆ ಮಾತಾಡುವ ಸೀರಿಯಲ್ ಪೋರ್ಟ್ ತೆರೆದಾಗ ಡಿಟಿಆರ್ ಎಂಬ ಸಿಗ್ನಲ್ ಬದಲಾಗುತ್ತದೆ. ಉನೊ ಬೋರ್ಡ್‌ನಲ್ಲಿ ಅದು ಒಂದು ಚಿಕ್ಕ ಕೆಪಾಸಿಟರ್ ಮೂಲಕ ರೀಸೆಟ್‌ಗೆ ಸೇರಿದೆ. ಹೊಸ ಪ್ರೋಗ್ರಾಂ ತುಂಬಲು ಸುಲಭವಾಗಲಿ ಎಂದು ಮಾಡಿರುವುದು. ನಮ್ಮ ಕೆಲಸಕ್ಕೆ ಅದೇ ಅಡ್ಡಿ. ಪ್ರತಿ ಸಲ ಪೋರ್ಟ್ ತೆರೆದು, ಒಂದು ಅಕ್ಷರ ಕಳಿಸಿ, ಮುಚ್ಚುವ ಪ್ರೋಗ್ರಾಂ ಬರೆದಿದ್ದರೆ ಪ್ರತಿ ಸಲ ಬೋರ್ಡ್ ಹೊಸದಾಗಿ ಹುಟ್ಟುತ್ತದೆ.

ಪೋರ್ಟ್ ಒಮ್ಮೆ ತೆರೆದು ಹಾಗೇ ಹಿಡಿದುಕೊಂಡಿರುವ ಒಂದು ಪ್ರೋಗ್ರಾಂ ಬರೆಯಿರಿ. ಉಳಿದವು ಅದಕ್ಕೆ ಹೇಳಿ ಕೆಲಸ ಮಾಡಿಸಲಿ. ಅಷ್ಟು ಬೇಡ ಎಂದರೆ ರೀಸೆಟ್ ಮತ್ತು ಗ್ರೌಂಡ್ ಮಧ್ಯೆ 10 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಬಹುದು, ಪ್ಲಸ್ ರೀಸೆಟ್ ಕಡೆಗೆ. ಹೊಸ ಪ್ರೋಗ್ರಾಂ ತುಂಬುವಾಗ ಅದನ್ನು ತೆಗೆಯಬೇಕು.

ಒಟ್ಟಿಗೆ ಟಿಕ್ ಅನ್ನುವುದಕ್ಕೆ ಕಾರಣ, ಬೋರ್ಡ್ ಏಳುವಾಗ ಓಡುವ ಸೆಟಪ್ ಭಾಗದ ಎರಡು ಸಾಲು ಹಿಂದೆಮುಂದೆ ಆಗಿರುವುದು. ಪಿನ್‌ಮೋಡ್ ಮೊದಲು ಬರೆದರೆ ಪಿನ್ ಲೋ ಆಗಿ ಎದ್ದುಬರುತ್ತದೆ, ಲೋ ಎಂದರೆ ನಮ್ಮ ಮಾಡ್ಯೂಲ್‌ಗೆ ಆನ್. ಡಿಜಿಟಲ್‌ರೈಟ್‌ನಲ್ಲಿ ಹೈ ಎಂದು ಮೊದಲು ಬರೆದು, ಆಮೇಲೆ ಪಿನ್‌ಮೋಡ್ ಔಟ್‌ಪುಟ್ ಮಾಡಿ. ಹಾಗೆಯೇ 0, 1 ಮತ್ತು 13ನೇ ಪಿನ್‌ಗಳಿಗೆ ರಿಲೇ ಕಟ್ಟಬೇಡಿ. ಮೊದಲೆರಡು ಸೀರಿಯಲ್ ಮಾತಿಗೆ ಸೇರಿದವು. 13 ಬೋರ್ಡ್ ಏಳುವಾಗ ತಾನೇ ಮಿನುಗುತ್ತದೆ.

ಮೋಟಾರ್ ನಿಂತಾಗ ಕಂಪ್ಯೂಟರ್ ಬೋರ್ಡನ್ನೇ ಮರೆಯುವುದು

ನನ್ನನ್ನು ಒಂದು ತಿಂಗಳು ಸತಾಯಿಸಿದ್ದು ಇದು. ಸಂಪಿನ ಮೋಟಾರ್ 1 ಎಚ್‌ಪಿ. ಚಿಕ್ಕ ರಿಲೇ ಮೇಲೆ 10 ಆಂಪ್ ಎಂದು ಬರೆದಿದೆ, ಆದರೆ ಮೋಟಾರ್ ಏಳುವಾಗ ಓಡುವ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಅದಕ್ಕೇ ತಾತ ಮಧ್ಯದಲ್ಲಿ ಓವರ್‌ಲೋಡ್ ರಕ್ಷಣೆ ಸಹಿತ ಕಾಂಟ್ಯಾಕ್ಟರ್, ಅಂದರೆ ಮೋಟಾರ್ ಕರೆಂಟ್ ತಾಳುವ ದೊಡ್ಡ ರಿಲೇ, ಹಾಕಿಸಿದರು. ನನ್ನ ರಿಲೇ ಆ ಕಾಂಟ್ಯಾಕ್ಟರ್‌ನ ಕಾಯಿಲ್ ಮಾತ್ರ ನಡೆಸುತ್ತದೆ. ಇಷ್ಟು ಸರಿ ಇತ್ತು.

ಆದರೆ ಮೂರು ನಾಲ್ಕು ಸಲಕ್ಕೊಮ್ಮೆ ಮೋಟಾರ್ ಆಫ್ ಆದ ಕ್ಷಣ ಕಂಪ್ಯೂಟರ್‌ಗೆ ಬೋರ್ಡ್ ಕಾಣೆಯಾಗುತ್ತಿತ್ತು. ಲಿನಕ್ಸ್‌ನ ಕರ್ನಲ್ ಲಾಗ್ ನೋಡಿದರೆ ಯುಎಸ್‌ಬಿ ಸಾಧನ ಕಳಚಿತು, ಮತ್ತೆ ಸೇರಿತು ಎಂದು ಬರುತ್ತಿತ್ತು. ಒಂದು ಸಲ ಹಬ್ ಅದನ್ನು ಮುಚ್ಚಿದೆ, ಇಎಮ್‌ಐ (ವಿದ್ಯುತ್ಕಾಂತೀಯ ಅಡಚಣೆ) ಇರಬಹುದೇ ಎಂದು ಪ್ರಶ್ನೆ ಚಿಹ್ನೆ ಸಮೇತ ಬಂತು. ಮತ್ತೆ ಸೇರಿದಾಗ ಬೋರ್ಡಿನ ಪೋರ್ಟ್ ಹೆಸರು ಟಿಟಿವೈಎಸಿಎಮ್0 ಇದ್ದದ್ದು ಟಿಟಿವೈಎಸಿಎಮ್1 ಆಗಿರುತ್ತಿತ್ತು. ಪ್ರೋಗ್ರಾಂ ಹಳೇ ಹೆಸರನ್ನೇ ಕೂಗುತ್ತಾ ಕೂತಿರುತ್ತಿತ್ತು.

ನಾನು ಕೇಬಲ್ ಬದಲಿಸಿದೆ. ಬೋರ್ಡ್ ಬದಲಿಸಿದೆ. ಪ್ರೋಗ್ರಾಂ ಎರಡು ಸಲ ಹೊಸದಾಗಿ ಬರೆದೆ. ಯಾವುದರಿಂದಲೂ ಹೋಗಲಿಲ್ಲ. ಕೊನೆಗೆ ಕೂತು ಒಂದೊಂದೇ ಭಾಗ ಕಳಚುತ್ತಾ ಬಂದೆ. ರಿಲೇಗೆ ಏನೂ ಕಟ್ಟದೆ ನೂರು ಸಲ ಆನ್ ಆಫ್ ಮಾಡಿದೆ, ಒಂದು ಸಲವೂ ತಪ್ಪಲಿಲ್ಲ. ಕಾಂಟ್ಯಾಕ್ಟರ್ ಬದಲು 60 ವ್ಯಾಟ್‌ನ ಹಳೇ ತಂತಿ ಬಲ್ಬ್ ಕಟ್ಟಿ ನೂರು ಸಲ, ಆಗಲೂ ತಪ್ಪಲಿಲ್ಲ. ಆಮೇಲೆ ಮೋಟಾರಿನ ವೈರ್ ಬಿಚ್ಚಿ ಬರೀ ಕಾಂಟ್ಯಾಕ್ಟರ್ ಕಟ್ಟಿದೆ. ಹತ್ತರಲ್ಲಿ ಮೂರು ಸಲ ಬೋರ್ಡ್ ಕಾಣೆ. ಮೋಟಾರ್ ಓಡದೇ ಇರುವಾಗಲೂ! ತಿಂಗಳೆಲ್ಲ ಮೋಟಾರನ್ನು ಅನುಮಾನಿಸಿದ್ದೆ. ತೊಂದರೆ ಇದ್ದದ್ದು ಕಾಂಟ್ಯಾಕ್ಟರ್‌ನ ಅಂಗೈಯಗಲದ ಕಾಯಿಲ್‌ನಲ್ಲಿ.

ಕಾಯಿಲ್‌ಗೆ ಹರಿಯುವ ಕರೆಂಟ್ ಅನ್ನು ಥಟ್ಟನೆ ಕಡಿದರೆ ಅದು ಸುಮ್ನೆ ನಿಲ್ಲುವುದಿಲ್ಲ. ವೋಲ್ಟೇಜ್ ಮೇಲೆ ಜಿಗಿಯುತ್ತದೆ, ರಿಲೇಯ ತೆರೆಯುತ್ತಿರುವ ಕಾಂಟ್ಯಾಕ್ಟ್ ಮಧ್ಯೆ ಕಿಡಿ ಹಾರುತ್ತದೆ. ಆ ಕಿಡಿ ಒಂದು ಪುಟ್ಟ ರೇಡಿಯೊ ಸ್ಟೇಷನ್ ಇದ್ದ ಹಾಗೆ. ನಾನು ಯುಎಸ್‌ಬಿ ಕೇಬಲ್ ಮತ್ತು ಕಾಂಟ್ಯಾಕ್ಟರ್ ವೈರನ್ನು ಒಂದೇ ಪಿವಿಸಿ ಪೈಪಿನಲ್ಲಿ ಮೂರು ಮೀಟರ್ ಜೊತೆಯಾಗಿ ಎಳೆದಿದ್ದೆ. ಕಿಡಿಯ ಸದ್ದು ನೇರ ಕಂಪ್ಯೂಟರ್ ಕಿವಿಗೆ ಹೋಗುತ್ತಿತ್ತು.

ಮೊದಲ ಮದ್ದು ಸ್ನಬರ್. 100 ಓಮ್, 1 ವ್ಯಾಟ್ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಸಾಲಾಗಿ ಸೇರಿಸಿ, ಕಾಂಟ್ಯಾಕ್ಟರ್ ಕಾಯಿಲ್‌ನ ಎರಡು ತುದಿಗೆ ಕಟ್ಟಬೇಕು. ಕೆಪಾಸಿಟರ್ ಮೇಲೆ ಎಕ್ಸ್2 ಮತ್ತು 275 ವೋಲ್ಟ್ ಎಸಿ ಎಂದು ಬರೆದಿರಲೇಬೇಕು, ಬೇರೆಯದು ಹಾಕಿದರೆ ಬೆಂಕಿ ಹತ್ತಬಹುದು. ಕಾಂಟ್ಯಾಕ್ಟರ್‌ಗೆಂದೇ ರೆಡಿ ಸ್ನಬರ್ ಕೂಡ ಸಿಗುತ್ತದೆ. ರಿಲೇ ಕಾಂಟ್ಯಾಕ್ಟ್ ಬದಿಗೆ ಕಟ್ಟುವುದಕ್ಕಿಂತ ಕಾಯಿಲ್ ಬದಿಗೆ ಕಟ್ಟುವುದು ವಾಸಿ. ಕಾಂಟ್ಯಾಕ್ಟ್ ಬದಿಗೆ ಕಟ್ಟಿದರೆ ಮೇಲೆ ಹೇಳಿದ ಸೋರಿಕೆ ಕಾಯಿಲ್‌ಗೆ ಹೋಗಿ ಕಾಂಟ್ಯಾಕ್ಟರ್ ಗುಂಯ್‌ಗುಡಬಹುದು. ಒಂದು ಎಚ್ಚರಿಕೆ. ಡಿಸಿ ರಿಲೇಗೆ ಹಾಕುವ ಹಾಗೆ ಇಲ್ಲಿ ಡಯೋಡ್ ಕಟ್ಟಬೇಡಿ. ಎಸಿ ಕಾಯಿಲ್‌ಗೆ ಡಯೋಡ್ ಅಡ್ಡ ಕಟ್ಟಿದರೆ ಅರ್ಧ ಅಲೆಗೆ ಶಾರ್ಟ್ ಆಗುತ್ತದೆ.

ಎರಡನೆಯದಾಗಿ ಯುಎಸ್‌ಬಿ ಕೇಬಲ್ ಅನ್ನು ಬೇರೆ ದಾರಿಯಲ್ಲಿ ಎಳೆದು, ಒಂದು ಮೀಟರ್‌ಗೆ ತಗ್ಗಿಸಿ, ಎರಡೂ ತುದಿಗೆ ಇಂಥ ಸದ್ದು ತಗ್ಗಿಸುವ ಫೆರೈಟ್ ಮಣಿ ಹಾಕಿದೆ. ಪ್ರೋಗ್ರಾಂನಲ್ಲಿ ಬೋರ್ಡನ್ನು ಬದಲಾಗದ ಬೈ-ಐಡಿ ಹೆಸರಿನಿಂದ ಕರೆಯುವಂತೆ ಮಾಡಿದೆ. ಆಮೇಲೆ ಮೋಟಾರ್ ಸಮೇತ ನೂರು ಸಲ ಓಡಿಸುವುದು ಸರಿಯಲ್ಲ, ಮೋಟಾರ್ ಬಿಸಿಯಾಗುತ್ತದೆ. ಕಾಂಟ್ಯಾಕ್ಟರ್ ಒಂದನ್ನೇ ನೂರು ಸಲ ಓಡಿಸಿದೆ. ಬೋರ್ಡ್ ಒಮ್ಮೆಯೂ ಕಾಣೆಯಾಗಲಿಲ್ಲ.

ಸಂಜೆ ಹೊತ್ತು ಮಾತ್ರ ಕಾಂಟ್ಯಾಕ್ಟರ್ ಟರ್ರ್ ಅನ್ನುತ್ತದೆ ಎಂದರೆ ಸ್ನಬರ್ ಹುಡುಕಬೇಡಿ, ವೋಲ್ಟೇಜ್ ನೋಡಿ. ಕಾಂಟ್ಯಾಕ್ಟರ್ ಸರಿಯಾಗಿ ಎಳೆದುಕೊಳ್ಳಲು ಅದರ ವೋಲ್ಟೇಜ್‌ನ 85 ಶೇಕಡಾ ಬೇಕು, 230ಕ್ಕೆ ಲೆಕ್ಕ ಹಾಕಿದರೆ ಸುಮಾರು 195. ಅದಕ್ಕಿಂತ ಕೆಳಗೆ ಮೋಟಾರ್ ಹಾಕದಂತೆ ತಡೆಯುವುದೇ ಒಳ್ಳೆಯದು.

ಕಂಪ್ಯೂಟರ್ ತಾನೇ ಮಲಗಿಬಿಟ್ಟರೆ

ಒಂದು ರಾತ್ರಿ ಡೆಸ್ಕ್‌ಟಾಪ್ ಹ್ಯಾಂಗ್ ಆಯಿತು. ರಿಲೇ ಆನ್ ಆಗಿಯೇ ಉಳಿಯಿತು. ಟ್ಯಾಂಕ್ ತುಂಬಿ, ಸಂಪಿನಲ್ಲಿದ್ದ ನೀರೆಲ್ಲ ಮೋರಿಗೆ ಹೋಯಿತು. ಕೋಲಾರದಲ್ಲಿ ಟ್ಯಾಂಕರ್‌ಗೆ ದುಡ್ಡು ಕೊಟ್ಟು ನೀರು ಹಾಕಿಸಿಕೊಂಡವರಿಗೆ ಅದು ಎಂಥ ಸಂಕಟ ಎಂದು ಗೊತ್ತು. ಬೆಳಿಗ್ಗೆ ಅಮ್ಮ ಏನೂ ಅನ್ನಲಿಲ್ಲ, ಪಕ್ಕದ ಮನೆಯಿಂದ ಎರಡು ಬಿಂದಿಗೆ ತಂದರು.

ಅಂದೇ ಮೂರು ಬದಲಾವಣೆ ಮಾಡಿದೆ. ಕಂಪ್ಯೂಟರ್ ಪ್ರತಿ 5 ಸೆಕೆಂಡಿಗೆ ಬೋರ್ಡ್‌ಗೆ ಒಂದು ಅಕ್ಷರ ಕಳಿಸುತ್ತದೆ, 30 ಸೆಕೆಂಡ್ ಅದು ಬರದಿದ್ದರೆ ಬೋರ್ಡ್ ತಾನೇ ಎಲ್ಲವನ್ನೂ ಆಫ್ ಮಾಡುತ್ತದೆ. ಮೋಟಾರ್‌ಗೆ 25 ನಿಮಿಷದ ಮಿತಿಯನ್ನು ಬೋರ್ಡ್‌ನೊಳಗೇ ಬರೆದೆ. ಟ್ಯಾಂಕಿನ ಫ್ಲೋಟ್ ಸ್ವಿಚ್ ಅನ್ನು ಕಾಂಟ್ಯಾಕ್ಟರ್ ಕಾಯಿಲ್ ವೈರಿಗೇ ಸಾಲಾಗಿ ಕಟ್ಟಿಸಿದೆ. ಅದಕ್ಕೆ ಯಾವ ಪ್ರೋಗ್ರಾಂನ ಹಂಗೂ ಇಲ್ಲ. ಪರೀಕ್ಷಿಸುವುದು ಸುಲಭ: ದೀಪ ಆನ್ ಮಾಡಿ ಯುಎಸ್‌ಬಿ ಕೇಬಲ್ ಇರುವಂತೆಯೇ ಪ್ರೋಗ್ರಾಂ ಕೊಂದು ಗಡಿಯಾರ ನೋಡಿ.

ಯುಪಿಎಸ್ ಮೇಲೆ ಕಂಪ್ಯೂಟರ್ ಇಟ್ಟವರು ಇನ್ನೊಂದನ್ನು ನೋಡಲೇಬೇಕು. ಮೋಟಾರ್ ಓಡುವಾಗ ಮೇನ್ ಆಫ್ ಮಾಡಿ. ಕಂಪ್ಯೂಟರ್ ಎಚ್ಚರವಾಗಿಯೇ ಇರುತ್ತದೆ, ರಿಲೇಯೂ ಹಿಡಿದುಕೊಂಡಿರಬಹುದು. ಕರೆಂಟ್ ಬಂದ ಕೂಡಲೇ ಮೋಟಾರ್ ಹೇಳದೆ ಕೇಳದೆ ಎದ್ದು ಓಡುತ್ತದೆ. ಕರೆಂಟ್ ಇಲ್ಲ ಎಂದು ಆ ಹೊತ್ತಿನಲ್ಲಿ ಯಾರಾದರೂ ಮೋಟಾರ್ ಬಿಚ್ಚಿ ಕೂತಿದ್ದರೆ? ನಾನು ಯುಪಿಎಸ್ ಇಲ್ಲದ ಪಾಯಿಂಟ್‌ಗೆ ಒಂದು ಹಳೇ 5 ವೋಲ್ಟ್ ಮೊಬೈಲ್ ಚಾರ್ಜರ್ ಹಾಕಿದೆ. ಅದರ ಪ್ಲಸ್ 1 ಕಿಲೊಓಮ್ ಮೂಲಕ ಆರ್ಡುಯಿನೊದ 2ನೇ ಪಿನ್ನಿಗೆ, ಮೈನಸ್ ಆರ್ಡುಯಿನೊ ಗ್ರೌಂಡ್‌ಗೆ. ಪಿನ್ನಿನಿಂದ ಗ್ರೌಂಡ್‌ಗೆ 10 ಕಿಲೊಓಮ್. ಆ ಪಿನ್ ಲೋ ಆದರೆ ಮೇನ್ ಹೋಗಿದೆ ಎಂದರ್ಥ, ಬೋರ್ಡ್ ಮೋಟಾರ್ ರಿಲೇ ಬಿಡುತ್ತದೆ. ಮತ್ತೆ ಹಾಕಬೇಕಾದರೆ ಮನುಷ್ಯರೇ ಬಂದು ಒತ್ತಬೇಕು.

ಯಾವ ರಿಪೇರಿ ಆದ ಮೇಲೂ ಮೊದಲ ಸಲ ಮೇನ್ ಕೊಡುವಾಗ ದೀಪದ ಲೈನುಗಳನ್ನು ಸೀರೀಸ್ ಬೋರ್ಡ್ ಮೂಲಕ ಕೊಡಿ. 100 ವ್ಯಾಟ್‌ನ ತಂತಿ ಬಲ್ಬ್ ಸಾಲಾಗಿ ಇದ್ದರೆ ಎಲ್ಲೋ ಶಾರ್ಟ್ ಇದ್ದರೂ 0.43 ಆಂಪ್‌ಗಿಂತ ಜಾಸ್ತಿ ಹರಿಯುವುದಿಲ್ಲ. ಬಲ್ಬ್ ಪೂರ್ತಿ ಉರಿದರೆ ತಪ್ಪಿದೆ, ಮೇನ್ ತೆಗೆದು ಮತ್ತೆ ನೋಡಿ. ಉರಿಯದಿದ್ದರೆ ಅಥವಾ ಮಂಕಾಗಿದ್ದರೆ ಮೇನ್ ತೆಗೆದು ಮುಚ್ಚಳದ ನಾಲ್ಕೂ ಸ್ಕ್ರೂ ಬಿಗಿ ಮಾಡಿ, ಆಮೇಲೆ ಸೀರೀಸ್ ಬೋರ್ಡ್ ತೆಗೆದು ನೇರ ಲೈನ್ ಕೊಡಿ.